ತಮ್ಮನಿಗೆ ಪಿಯುಸಿ ಸೈನ್ಸ್‌ನಲ್ಲಿ ಪಿಸಿಎಂಬಿನಾ, ಪಿಸಿಎಂಸಿನಾ? ಕನ್ನಡ ಮೀಡಿಯಂ ಹುಡುಗ, ತಿಳಿದವರು ಹೇಳಿ

ಹೇಮಾವತಿ_ದಂಡೆ:

ಎಲ್ಲರಿಗೂ ನಮಸ್ಕಾರ. ನಮ್ಮೂರು ಚನ್ನರಾಯಪಟ್ಟಣದ ಹತ್ತಿರ. ನಾನು ಬೆಂಗಳೂರಿನಲ್ಲಿ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುತ್ತೇನೆ. ನನ್ನ ತಮ್ಮ ಈ ಸಲ ಎಸ್ಸೆಸ್ಸೆಲ್ಸಿ ಪಾಸಾದ. 625ಕ್ಕೆ 548. ವಿಜ್ಞಾನದಲ್ಲಿ 91, ಗಣಿತದಲ್ಲಿ 84, ಇಂಗ್ಲಿಷಿನಲ್ಲಿ 79. ಒಂದನೇ ಕ್ಲಾಸಿನಿಂದ ಹತ್ತರವರೆಗೂ ಊರಿನ ಸರ್ಕಾರಿ ಶಾಲೆ, ಪೂರ್ತಿ ಕನ್ನಡ ಮೀಡಿಯಂ. ನಾನು ಪಿಯುಸಿ ಓದಿದ್ದು ಆರ್ಟ್ಸ್. ಹಾಗಾಗಿ ಸೈನ್ಸ್ ಬಗ್ಗೆ ಕೇಳೋಕೆ ನಮ್ಮ ಮನೆಯಲ್ಲಿ ಯಾರೂ ಇಲ್ಲ.

ಅವನಿಗೆ ಎರಡು ಆಸೆ. ನಮ್ಮ ತೆಂಗಿನ ತೋಟಕ್ಕೆ ಕಪ್ಪು ತಲೆ ಹುಳು ಬಿದ್ದು ಗರಿಯೆಲ್ಲ ಒಣಗಿತ್ತು. ಆಗ ಕೃಷಿ ಇಲಾಖೆಯವರು ಬಂದು ನೋಡಿ ಹೋದರು. ಅವತ್ತಿನಿಂದ ಬಿಎಸ್ಸಿ ಅಗ್ರಿ ಮಾಡ್ತೀನಿ ಅಂತಾನೆ. ಇನ್ನೊಂದು ದಿನ ಕಂಪ್ಯೂಟರ್ ಅಂತಾನೆ. ಹದಿನಾರು ವರ್ಷದ ಹುಡುಗ, ನಾನು ಅದನ್ನು ತಪ್ಪು ಅನ್ನಲ್ಲ.

ಪೇಟೆಯ ಒಂದು ಪ್ರೈವೇಟ್ ಕಾಲೇಜಿಗೆ ಹೋಗಿದ್ದೆವು. ಕಂಪ್ಯೂಟರ್ ಇಂಜಿನಿಯರ್ ಆಗಬೇಕು ಅಂದ್ರೆ ಪಿಸಿಎಂಸಿ ತಗೊಳ್ಳಲೇಬೇಕು, ಎರಡು ದಿನದಲ್ಲಿ ಹತ್ತು ಸಾವಿರ ಅಡ್ವಾನ್ಸ್ ಕಟ್ಟದಿದ್ದರೆ ಸೀಟು ಹೋಗುತ್ತೆ ಅಂದರು. ಸರ್ಕಾರಿ ಪಿಯು ಕಾಲೇಜಿನಲ್ಲಿ ಸೈನ್ಸ್ ಅಂದ್ರೆ ಪಿಸಿಎಂಬಿ ಮಾತ್ರ ಇದೆ. ಪಿಸಿಎಂಬಿ ಡಾಕ್ಟರ್ ಮಕ್ಕಳಿಗೆ, ಕನ್ನಡ ಮೀಡಿಯಂನವನು ಇಂಗ್ಲಿಷಿನಲ್ಲೇ ಮುಳುಗಿ ಹೋಗ್ತಾನೆ ಅಂತ ಚಿಕ್ಕಪ್ಪ ಹೇಳ್ತಾರೆ. ಅಪ್ಪ ಡಿಪ್ಲೊಮಾ ಸಾಕು ಅಂತಾರೆ. ಯಾರ ಮಾತು ಕೇಳಬೇಕೋ ಗೊತ್ತಾಗ್ತಿಲ್ಲ. ತಮ್ಮ ಸುಮ್ನೆ ನನ್ನ ಮುಖ ನೋಡ್ತಾ ಕೂತಿದ್ದಾನೆ. ದಯವಿಟ್ಟು ಹೇಳಿ.

ಪಿಯು_ಮೇಷ್ಟ್ರು:

ಮೊದಲು ಒಂದು ಮಾತು, ಆ ಹತ್ತು ಸಾವಿರ ಕಟ್ಟಬೇಡಿ ತಾಯಿ. ಎರಡು ದಿನದ ಗಡುವು ಕೊಟ್ಟು ಹೆದರಿಸುವವರು ಹುಡುಗನ ಒಳ್ಳೆಯದನ್ನು ಯೋಚಿಸುತ್ತಿಲ್ಲ. ನಾನು ಸರ್ಕಾರಿ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ಪ್ರತಿ ವರ್ಷ ಅಡ್ಮಿಶನ್ ಸಮಯದಲ್ಲಿ ನಿಮ್ಮ ತಮ್ಮನಂಥ ಮಕ್ಕಳು ಅಪ್ಪ ಅಮ್ಮನ ಜೊತೆ ನಮ್ಮ ಟೇಬಲ್ ಮುಂದೆ ನಿಂತಿರುತ್ತಾರೆ. ಆದ್ದರಿಂದ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಪಿಯುಸಿಯಲ್ಲಿ ಎರಡು ಭಾಷೆ, ನಾಲ್ಕು ವಿಷಯ. ತಲಾ ನೂರರಂತೆ 600 ಅಂಕ. ಪಿಸಿಎಂಬಿ ಅಂದರೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ. ಪಿಸಿಎಂಸಿಯಲ್ಲಿ ಬಯಾಲಜಿ ಜಾಗಕ್ಕೆ ಕಂಪ್ಯೂಟರ್ ಸೈನ್ಸ್ ಬರುತ್ತದೆ. ವ್ಯತ್ಯಾಸ ಅಷ್ಟೇ, ಒಂದೇ ಒಂದು ವಿಷಯ.

ಕಂಪ್ಯೂಟರ್ ಇಂಜಿನಿಯರಿಂಗಿಗೆ ಪಿಸಿಎಂಸಿ ಬೇಕೇ ಬೇಕು ಅನ್ನುವುದು ಸುಳ್ಳು. ಇಂಜಿನಿಯರಿಂಗ್ ಸೇರಲು ಫಿಸಿಕ್ಸ್, ಮ್ಯಾಥ್ಸ್ ಕಡ್ಡಾಯ. ಅವುಗಳ ಜೊತೆ ಕೆಮಿಸ್ಟ್ರಿ ಇದ್ದರಾಯಿತು. ಈ ಮೂರೂ ಸೇರಿ ಸೆಕೆಂಡ್ ಪಿಯುನಲ್ಲಿ ನೂರಕ್ಕೆ 45 ಬರಬೇಕು, ಮೀಸಲಾತಿ ಇರುವವರಿಗೆ 40 ಸಾಕು. ಬ್ರಾಂಚ್ ಸಿಗುವುದು ರ‍್ಯಾಂಕ್ ನೋಡಿ. ಪಿಯುನಲ್ಲಿ ಕಂಪ್ಯೂಟರ್ ಓದಿದ್ದನಾ ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ನಮ್ಮ ಕಾಲೇಜಿನ ಪಿಸಿಎಂಬಿ ಮಕ್ಕಳೇ ಕಂಪ್ಯೂಟರ್ ಬ್ರಾಂಚಿಗೆ ಹೋಗಿದ್ದಾರೆ. ಮೊದಲ ಸೆಮಿಸ್ಟರಿನಲ್ಲಿ ಪ್ರೋಗ್ರಾಮಿಂಗ್ ಶುರುವಿನಿಂದ ಕಲಿತು ಚೆನ್ನಾಗಿಯೇ ಓದಿದ್ದಾರೆ.

ಆದರೆ ಪಿಸಿಎಂಸಿ ತಗೊಂಡು ಆಮೇಲೆ ಅಗ್ರಿಗೆ ಹೋಗ್ತೀನಿ ಅಂದ್ರೆ ಆಗಲ್ಲ. ಬಯಾಲಜಿ ಇಲ್ಲದೆ ಬಿಎಸ್ಸಿ ಅಗ್ರಿ ಇಲ್ಲ, ವೆಟರ್ನರಿ ಇಲ್ಲ, ನರ್ಸಿಂಗ್ ಇಲ್ಲ, ಡಾಕ್ಟರ್ ಓದಿಗೆ ಬರೆಯುವ ನೀಟ್ ಪರೀಕ್ಷೆಯೂ ಇಲ್ಲ. ಕಾಂಬಿನೇಶನ್ ಆರಿಸುವಾಗ ಎಲ್ಲರೂ ಯಾವ ಬಾಗಿಲು ತೆರೆಯುತ್ತೆ ಅಂತ ಕೇಳುತ್ತಾರೆ. ಯಾವ ಬಾಗಿಲು ಮುಚ್ಚಿಕೊಳ್ಳುತ್ತೆ ಅಂತಲೂ ಕೇಳಬೇಕು. ಎರಡು ಆಸೆ ಇರುವ ಹುಡುಗನಿಗೆ ಪಿಸಿಎಂಬಿ ಎರಡನ್ನೂ ಉಳಿಸುತ್ತದೆ. ಇಂಥ ಹುಡುಗ ನನ್ನ ಮುಂದೆ ಬಂದು ನಿಂತರೆ ಪಿಸಿಎಂಬಿ ಅಂತಲೇ ಬರೆಸುತ್ತೇನೆ.

ಹಾಗಂತ ಸುಲಭ ಅನ್ನಲ್ಲ. ಬಯಾಲಜಿಯಲ್ಲಿ ಓದುವುದು ಜಾಸ್ತಿ, ಚಿತ್ರ ಬರೆಯುವುದು ಜಾಸ್ತಿ, ರೆಕಾರ್ಡ್ ಬುಕ್ ಕೆಲಸ ಬೇರೆ. ಕಂಪ್ಯೂಟರ್ ಸೈನ್ಸ್ ಪಿಯು ಮಟ್ಟದಲ್ಲಿ ಅಷ್ಟು ಭಾರ ಇಲ್ಲ. ಆದರೆ ಒಂದು ವಿಷಯ ಸಮಾಧಾನದಿಂದ ನೋಡಿ. ಇಂಜಿನಿಯರಿಂಗ್ ರ‍್ಯಾಂಕಿಗೆ ಸೆಕೆಂಡ್ ಪಿಯು ಬೋರ್ಡ್ ಪರೀಕ್ಷೆಯ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಅಂಕ ಅರ್ಧ, ಅವೇ ಮೂರರ ಸಿಇಟಿ (ರಾಜ್ಯದ ಪ್ರವೇಶ ಪರೀಕ್ಷೆ) ಅಂಕ ಇನ್ನರ್ಧ. ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 60 ಅಂಕ, ತಪ್ಪು ಉತ್ತರಕ್ಕೆ ಅಂಕ ಕಳೆಯಲ್ಲ. ಬಯಾಲಜಿಯ ಅಂಕ ಆ ರ‍್ಯಾಂಕಿನೊಳಗೆ ಬರುವುದೇ ಇಲ್ಲ. ವರ್ಷದ ಮಧ್ಯದಲ್ಲಿ ಕಂಪ್ಯೂಟರ್ ಕಡೆಗೇ ಹೋಗ್ತೀನಿ ಅಂತ ಅವನು ತೀರ್ಮಾನ ಮಾಡಿದರೆ, ಬಯಾಲಜಿಯನ್ನು ಪಾಸಾಗುವಷ್ಟು ಓದಿಕೊಂಡು ಉಳಿದ ಮೂರರ ಮೇಲೆ ಕೂರಬಹುದು.

ಫಸ್ಟ್ ಪಿಯು ಬಗ್ಗೆಯೂ ಹೇಳಬೇಕು. ಅದು ಲೆಕ್ಕಕ್ಕಿಲ್ಲ, ಆರಾಮಾಗಿ ಇರಬಹುದು ಅನ್ನುವ ಮಾತನ್ನು ಮಕ್ಕಳು ಸೀನಿಯರ್‌ಗಳಿಂದ ಕಲಿಯುತ್ತಾರೆ. ಸಿಇಟಿಯಲ್ಲೂ ನೀಟ್‌ನಲ್ಲೂ ಎರಡೂ ವರ್ಷದ ಪಾಠ ಬರುತ್ತದೆ. ಫಸ್ಟ್ ಪಿಯುನಲ್ಲಿ ವೆಕ್ಟರ್, ಮೋಲ್ ಲೆಕ್ಕ ಬಿಟ್ಟವನು ಸೆಕೆಂಡ್ ಪಿಯುನಲ್ಲಿ ಕರೆಂಟಿನ ಪಾಠ ಬಂದಾಗ ಕಣ್ಣು ಕಣ್ಣು ಬಿಡುತ್ತಾನೆ. ಹಾಜರಾತಿ 75 ಪರ್ಸೆಂಟ್ ಬೇಕೇ ಬೇಕು. ಊರಿನಿಂದ ಬಸ್ಸಿನಲ್ಲಿ ಬರುವ ಮಕ್ಕಳು ಬೆಳಗಿನ ಮೊದಲ ಕ್ಲಾಸ್ ತಪ್ಪಿಸಿ ತಪ್ಪಿಸಿ ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಕಾಲೇಜು ಆರಿಸುವ ಮುಂಚೆ ಬೆಳಿಗ್ಗೆ ಬಸ್ ಎಷ್ಟು ಹೊತ್ತಿಗೆ ಅಂತ ನೋಡಿಕೊಳ್ಳಿ.

ಇನ್ನೊಂದು ಕೆಲಸ ಈ ವಾರವೇ ಮಾಡಿ. ನಿಮ್ಮ ತಮ್ಮ ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ, ಕನ್ನಡದಲ್ಲಿ ಓದಿದ್ದಾನೆ. ಸಿಇಟಿ ಸೀಟು ಹಂಚುವಾಗ ಗ್ರಾಮೀಣ ಮಕ್ಕಳಿಗೆ 15 ಪರ್ಸೆಂಟ್, ಕನ್ನಡ ಮಾಧ್ಯಮದವರಿಗೆ 5 ಪರ್ಸೆಂಟ್ ಮೀಸಲು ಇದೆ. ಎರಡಕ್ಕೂ ವ್ಯಾಸಂಗ ಪ್ರಮಾಣಪತ್ರ ಬೇಕು, ಅದಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿಯೂ ಆಗಬೇಕು. ಶಾಲೆಯಲ್ಲಿ ದಾಖಲಾತಿ ರಿಜಿಸ್ಟರ್ ಕೈಗೆ ಸಿಗುತ್ತಿರುವಾಗಲೇ, ಗುರುತಿನ ಹೆಡ್‌ಮಾಸ್ಟರ್ ಇರುವಾಗಲೇ ಅದರ ವಿಚಾರ ಮಾತಾಡಿಕೊಳ್ಳಿ. ಎರಡು ವರ್ಷ ಬಿಟ್ಟು ಸಿಇಟಿ ಅರ್ಜಿ ಹಾಕುವಾಗ ಹುಡುಕಾಡುವುದು ತುಂಬಾ ಕಷ್ಟ. ನಾಡಕಚೇರಿಯಲ್ಲಿ ಜಾತಿ ಆದಾಯ ಪ್ರಮಾಣಪತ್ರವನ್ನೂ ಮಾಡಿಸಿಡಿ. ಆದಾಯದ್ದು ಐದು ವರ್ಷ ನಡೆಯುತ್ತದೆ. ಅದರಲ್ಲಿರುವ ಆರ್‌ಡಿ ನಂಬರ್ ಮುಂದೆ ಎಲ್ಲ ಅರ್ಜಿಗಳಲ್ಲೂ ಕೇಳುತ್ತಾರೆ.

ಕಾರೇಕೆರೆ_ಹುಡುಗಿ:

ಅಕ್ಕಾ, ನಾನೂ ಕನ್ನಡ ಮೀಡಿಯಂ. ಕಡೂರು ಕಡೆಯವಳು. ಈಗ ಹಾಸನದ ಕಾರೇಕೆರೆಯ ಕೃಷಿ ಕಾಲೇಜಿನಲ್ಲಿ ಬಿಎಸ್ಸಿ ಅಗ್ರಿ ಓದುತ್ತಿದ್ದೇನೆ. ನಿಮ್ಮೂರಿಗೆ ಹತ್ತಿರವೇ. ತಮ್ಮನನ್ನು ಒಂದು ಸಲ ಕರ್ಕೊಂಡು ಬನ್ನಿ, ಹೊಲ, ಲ್ಯಾಬ್ ಎಲ್ಲ ಕಣ್ಣಾರೆ ನೋಡಲಿ.

ನಿಮ್ಮ ಚಿಕ್ಕಪ್ಪ ಹೇಳಿದ್ದು ಅರ್ಧ ನಿಜ. ಇಂಗ್ಲಿಷ್ ನಿಜವಾಗಲೂ ಕಷ್ಟ ಕೊಡುತ್ತೆ. ಮುಳುಗಿ ಹೋಗ್ತಾನೆ ಅನ್ನೋದು ಮಾತ್ರ ಸುಳ್ಳು. ಮೊದಲ ಎರಡು ಮೂರು ತಿಂಗಳು ಬಯಾಲಜಿ ಮೇಡಂ ಬಾಯಿ ಅಲ್ಲಾಡುವುದು ಕಾಣಿಸ್ತಿತ್ತು, ತಲೆಗೆ ಏನೂ ಹೋಗ್ತಿರಲಿಲ್ಲ. ಪಾಠ ಗೊತ್ತಿಲ್ಲ ಅಂತಲ್ಲ. ಹೃದಯದ ನಾಲ್ಕು ಕೋಣೆ, ರಕ್ತ ಎಲ್ಲಿಂದ ಎಲ್ಲಿಗೆ ಹೋಗುತ್ತೆ, ಎಲ್ಲ ಹತ್ತನೇ ಕ್ಲಾಸಿನಲ್ಲೇ ಓದಿದ್ದೆ. ಹೃತ್ಕರ್ಣ, ಹೃತ್ಕುಕ್ಷಿ ಅಂತ ಬಾಯಿಪಾಠ ಇತ್ತು. ಅದೇ ಚಿತ್ರಕ್ಕೆ ಏಟ್ರಿಯಂ, ವೆಂಟ್ರಿಕಲ್ ಅಂತ ಬಂದಾಗ ಹೊಸ ಪಾಠ ಅನ್ನಿಸಿಬಿಡ್ತು.

ಆಮೇಲೆ ನಮ್ಮ ಹೈಸ್ಕೂಲ್ ಸರ್ ಒಂದು ಉಪಾಯ ಹೇಳಿಕೊಟ್ಟರು. ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಹತ್ತನೇ ಕ್ಲಾಸಿನ ವಿಜ್ಞಾನ, ಗಣಿತ ಪುಸ್ತಕಗಳು ಇಂಗ್ಲಿಷ್ ಮೀಡಿಯಂನಲ್ಲೂ ಸಿಗುತ್ತವೆ, ದುಡ್ಡು ಕೊಡಬೇಕಿಲ್ಲ. ಅದನ್ನು ಇಳಿಸಿಕೊಂಡು, ಪಕ್ಕದಲ್ಲಿ ನಮ್ಮ ಕನ್ನಡ ಪುಸ್ತಕ ಇಟ್ಟುಕೊಂಡು ಓದಬೇಕು. ಅದೇ ಪಾಠ, ಅದೇ ಚಿತ್ರ, ಅದೇ ಪ್ರಶ್ನೆ. ಅರ್ಥ ಮೊದಲೇ ಗೊತ್ತಿರುವುದರಿಂದ ವಾಕ್ಯ ತಾನಾಗಿ ಬಿಡಿಸಿಕೊಳ್ಳುತ್ತೆ. ಒಂದು ನೋಟ್‌ಬುಕ್ಕಿನ ಎಡಗಡೆ ಕನ್ನಡ ಪದ, ಬಲಗಡೆ ಇಂಗ್ಲಿಷ್ ಪದ ಬರೆದುಕೊಳ್ಳುತ್ತಾ ಹೋದೆ. ಬಸ್ಸಿನಲ್ಲಿ ಅದನ್ನೇ ತಿರುವಿ ಹಾಕ್ತಿದ್ದೆ. ದಸರಾ ರಜೆ ಮುಗಿಯೋ ಹೊತ್ತಿಗೆ ಕ್ಲಾಸಿನಲ್ಲಿ ಎದ್ದು ನಿಂತು ಪ್ರಶ್ನೆ ಕೇಳೋಕೆ ಧೈರ್ಯ ಬಂತು. ನಿಮ್ಮ ತಮ್ಮ ಕಾಲೇಜು ಶುರುವಾಗುವ ಮುಂಚೆಯೇ ಇದನ್ನು ಶುರು ಮಾಡಿದರೆ ನನಗಿಂತ ಎಷ್ಟೋ ಮುಂದಿರುತ್ತಾನೆ.

ಇನ್ನೊಂದು, ಅಗ್ರಿಯಲ್ಲಿ ರೈತರ ಮಕ್ಕಳಿಗೆ ಬೇರೆ ಕೋಟಾ ಇದೆ. ಜಮೀನಿನ ದಾಖಲೆ, ಆದಾಯ ಎಲ್ಲ ನೋಡುತ್ತಾರೆ. ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಇರುತ್ತೆ. ಬೀಜ, ಗೊಬ್ಬರ, ಸಲಕರಣೆ ಇಂಥವನ್ನು ನೋಡಿ ಗುರುತಿಸಬೇಕು. ತೋಟದಲ್ಲಿ ಅಪ್ಪನ ಜೊತೆ ಕೆಲಸ ಮಾಡಿದ ಹುಡುಗನಿಗೆ ಅದು ಕಷ್ಟವೇ ಅಲ್ಲ.

ಬೊಮ್ಮಸಂದ್ರ_ಶಿಫ್ಟ್:

ನಿಮ್ಮ ತಂದೆ ಹೇಳಿದ್ದನ್ನು ತಳ್ಳಿ ಹಾಕಬೇಡಿ. ನಾನು ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವನು. ಮೂರು ವರ್ಷ, ಕೈಗೆ ಬೇಗ ಕೆಲಸ. ಆಮೇಲೆ ಓದಬೇಕು ಅನ್ನಿಸಿದರೆ ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ನನ್ನ ಜೊತೆ ಓದಿದ ಕೆಲವರು ಹಾಗೇ ಮಾಡಿದರು. ಮನೆಯಲ್ಲಿ ದುಡ್ಡಿನ ಕಷ್ಟ ಇದ್ದು, ಹುಡುಗನಿಗೆ ಮಿಷನ್, ವೈರಿಂಗ್ ಇಂಥದ್ದರ ಮೇಲೆ ಆಸೆ ಇದ್ದರೆ ಡಿಪ್ಲೊಮಾದಷ್ಟು ಒಳ್ಳೆ ದಾರಿ ಇನ್ನೊಂದಿಲ್ಲ.

ಆದರೆ ನೀವು ಬರೆದಿರುವುದನ್ನು ನೋಡಿದರೆ ಅವನ ಮನಸ್ಸು ಗಿಡ, ಹುಳು ಕಡೆ ಇದೆ. ಇಂಜಿನಿಯರಿಂಗ್ ಡಿಪ್ಲೊಮಾಗೆ ಸೇರಿದರೆ ಬಯಾಲಜಿ ಅಲ್ಲಿಗೇ ನಿಂತುಹೋಗುತ್ತೆ. ಅದಕ್ಕೇ ನಾನೂ ಮೇಷ್ಟ್ರು ಹೇಳಿದ್ದಕ್ಕೇ ಸೈ ಅಂತೀನಿ. ಅಪ್ಪನಿಗೆ ಇದನ್ನು ಕೂತು ಬಿಡಿಸಿ ಹೇಳಿ. ಡಿಪ್ಲೊಮಾ ಬೇಡ ಅಂತ ಒಂದೇ ಮಾತಲ್ಲಿ ಹೇಳಿದರೆ ಅವರಿಗೆ ಬೇಜಾರಾಗುತ್ತೆ.

ಹೇಮಾವತಿ_ದಂಡೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ಫೋನ್ ಮಾಡಿ ತಮ್ಮನಿಗೆ ಎಲ್ಲ ಓದಿ ಹೇಳಿದೆ. ಅಪ್ಪನೂ ಪಕ್ಕದಲ್ಲಿ ಕೂತು ಕೇಳಿಸಿಕೊಂಡರು. ಕಾರೇಕೆರೆಯ ವಿಷಯ ಬಂದಾಗ ಅಪ್ಪನೇ "ಯಾವ ಬಸ್ಸಿಗೆ ಹೋಗಬೇಕು" ಅಂದರು. ಪ್ರೈವೇಟ್ ಕಾಲೇಜಿನವರಿಗೆ ಬೇಡ ಅಂತ ಹೇಳಿದ್ದಾಯಿತು. ಸೋಮವಾರ ರಜೆ ಹಾಕಿ ನಾನೇ ಸರ್ಕಾರಿ ಕಾಲೇಜಿಗೆ ಅವನ ಜೊತೆ ಹೋಗ್ತೀನಿ.

ಮೇಷ್ಟ್ರೇ, ಇನ್ನು ಎರಡು ಪ್ರಶ್ನೆ. ಭಾಷೆಗೆ ಸಂಸ್ಕೃತ ತಗೊಂಡ್ರೆ ನೂರಕ್ಕೆ ನೂರು ಬರುತ್ತೆ, ಕನ್ನಡ ತಗೋಬೇಡ ಅಂತ ಅವನ ಫ್ರೆಂಡ್ಸ್ ಹೇಳ್ತಿದ್ದಾರಂತೆ. ಇದು ನಿಜವಾ? ಮತ್ತೆ ಸೇರಿದ ಮೇಲೆ ಬಯಾಲಜಿ ಆಗಲ್ಲ ಅನ್ನಿಸಿದರೆ ಬದಲಿಸೋಕೆ ಆಗುತ್ತಾ?

ಪಿಯು_ಮೇಷ್ಟ್ರು:

ಕನ್ನಡವನ್ನೇ ಬರೆಸಿ. ಸಂಸ್ಕೃತದಲ್ಲಿ ಅಂಕ ಜಾಸ್ತಿ ತೆಗೆಯುವ ಮಕ್ಕಳು ಇದ್ದಾರೆ, ನಿಜ. ಆದರೆ ಆ ಅಂಕ 600ರ ಒಟ್ಟು ಮೊತ್ತದಲ್ಲಿ ಕಾಣುತ್ತದೆಯೇ ಹೊರತು ಇಂಜಿನಿಯರಿಂಗ್ ರ‍್ಯಾಂಕಿಗೆ ಬರುವುದಿಲ್ಲ. ಮೊದಲೇ ಇಂಗ್ಲಿಷಿನಲ್ಲಿ ನಾಲ್ಕು ವಿಷಯ ಹೊಸದಾಗಿ ಕಲಿಯುತ್ತಿರುವ ಹುಡುಗನಿಗೆ ಇನ್ನೊಂದು ಹೊಸ ಭಾಷೆ ಯಾಕೆ? ಕನ್ನಡ ಪೀರಿಯಡ್ಡಿನಲ್ಲಾದರೂ ಅವನು ತಲೆ ಎತ್ತಿ ಕೂರಲಿ. ಅವನಿಗೆ ಸಂಸ್ಕೃತ ಕಲಿಯಬೇಕು ಅಂತ ನಿಜವಾದ ಆಸೆ ಇದ್ದರೆ ಆ ಮಾತು ಬೇರೆ.

ಬದಲಿಸುವುದಾದರೆ ಫಸ್ಟ್ ಪಿಯು ಶುರುವಿನ ಕೆಲವು ವಾರಗಳಲ್ಲೇ ಪ್ರಿನ್ಸಿಪಾಲರಿಗೆ ಅರ್ಜಿ ಕೊಡಬೇಕು. ಆ ಕಾಲೇಜಿನಲ್ಲಿ ಇನ್ನೊಂದು ಕಾಂಬಿನೇಶನ್ ಇರಬೇಕು, ಅದರಲ್ಲಿ ಸೀಟೂ ಇರಬೇಕು. ನಿಮ್ಮ ಸರ್ಕಾರಿ ಕಾಲೇಜಿನಲ್ಲಿ ಸೈನ್ಸಿಗೆ ಪಿಸಿಎಂಬಿ ಒಂದೇ ಇರುವುದರಿಂದ, ಬದಲಿಸುವುದು ಅಂದರೆ ಕಾಮರ್ಸಿಗೋ ಆರ್ಟ್ಸಿಗೋ ಹೋಗಬೇಕಾಗುತ್ತೆ, ಇಲ್ಲ ಕಾಲೇಜನ್ನೇ ಬಿಡಬೇಕು. ಇದನ್ನು ಮೊದಲೇ ತಿಳಿದುಕೊಂಡು ಸೇರಿಸಿ. ಆದರೆ ವಿಜ್ಞಾನದಲ್ಲಿ 91 ತೆಗೆದ ಹುಡುಗ, ಮೊದಲ ಟೆಸ್ಟಿನಲ್ಲಿ ಕಡಿಮೆ ಬಂತು ಅಂತ ಬದಲಿಸಲು ಹೊರಟರೆ ನೀವು ಒಪ್ಪಬೇಡಿ. ಮೊದಲ ಟೆಸ್ಟಿನಲ್ಲಿ ಕನ್ನಡ ಮೀಡಿಯಂ ಮಕ್ಕಳಲ್ಲಿ ಬಹಳ ಜನಕ್ಕೆ ಕಡಿಮೆಯೇ ಬರುತ್ತದೆ. ಬದಲಿಸುವ ಯೋಚನೆ ಬಿಟ್ಟು ಅರ್ಧವಾರ್ಷಿಕ ಪರೀಕ್ಷೆವರೆಗೆ ಅವನಿಗೆ ಸಮಯ ಕೊಡಿ. ಮುಂದೆ ಸೆಕೆಂಡ್ ಪಿಯು ಬೋರ್ಡಿನಲ್ಲೂ 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ. ಮೊದಲನೆಯದರಲ್ಲಿ ಕಡಿಮೆ ಬಂದರೆ ಮತ್ತೆ ಬರೆದು ಜಾಸ್ತಿ ಬಂದದ್ದನ್ನು ಉಳಿಸಿಕೊಳ್ಳಬಹುದು.

ಸೋಮವಾರ ಹೋಗುವಾಗ ಅಂಕಪಟ್ಟಿ, ಟಿಸಿ, ಆಧಾರ್, ಜಾತಿ ಆದಾಯ ಪ್ರಮಾಣಪತ್ರ, ಫೋಟೋ ತಗೊಂಡು ಹೋಗಿ. ಎಲ್ಲದರದ್ದೂ ನಾಲ್ಕೈದು ಜೆರಾಕ್ಸ್ ಮನೆಯಲ್ಲಿ ಇಟ್ಟುಕೊಂಡೇ ಮೂಲ ಪ್ರತಿ ಕೊಡಿ. ಅರ್ಜಿಯಲ್ಲಿ ಹೆಸರು, ಹುಟ್ಟಿದ ತಾರೀಖು ಅಂಕಪಟ್ಟಿಯಲ್ಲಿ ಇರುವ ಹಾಗೇ ಇದೆಯಾ ಅಂತ ಅಕ್ಷರ ಅಕ್ಷರ ನೋಡಿ. ಕಾಂಬಿನೇಶನ್, ಭಾಷೆ ಬರೆಯುವ ಜಾಗವನ್ನು ನೀವೇ ತುಂಬಬೇಡಿ, ಅವನ ಕೈಯಲ್ಲೇ ಬರೆಸಿ. ಸೇರಿದ ಮೇಲೆ ಫಿಸಿಕ್ಸಿನಲ್ಲಿ ಏನಾದರೂ ತಿಳಿಯದಿದ್ದರೆ ಇಲ್ಲೇ ಕೇಳಲಿ, ರಾತ್ರಿ ಊಟ ಆದ ಮೇಲೆ ನೋಡಿ ಉತ್ತರ ಕೊಡುತ್ತೇನೆ.