ಹಳೇ ಕಾಲದ ಡಿ ಆಂಡ್ ಡಿ: ಒಂದೇ ಗಂಟೆಯಲ್ಲಿ ಮೂವರು ಸತ್ತರು, ನಾನು ತಪ್ಪಿದ್ದೆಲ್ಲಿ?

ದಾವಣಗೆರೆ ಡೈಸ್:

ಎಲ್ಲರಿಗೂ ನಮಸ್ಕಾರ. ನಾವು ಎರಡು ವರ್ಷದಿಂದ ಶನಿವಾರ ರಾತ್ರಿ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಆಡುತ್ತಿದ್ದೇವೆ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಡೈಸ್ ಹಾಕುತ್ತ ಕಥೆ ಕಟ್ಟುವ ಆಟ. ನಾನು ಡಿಎಂ, ಅಂದರೆ ಆಟ ನಡೆಸುವವನು. ಆಡುವವರು ಐದು ಜನ. ಇಷ್ಟು ದಿನ ಆಡಿದ್ದು 2014ರ ಐದನೇ ಆವೃತ್ತಿ. ಅದೂ ಚೆನ್ನಾಗಿಯೇ ಇತ್ತು. ಆದರೆ ಒಂದು ಹೊಡೆದಾಟ ಶುರುವಾದರೆ ಒಂದೂವರೆ ಗಂಟೆ ಎಳೆಯುತ್ತದೆ. ಯಾರಿಗೂ ಏನೂ ಆಗಲ್ಲ ಅಂತ ಎಲ್ಲರಿಗೂ ಗೊತ್ತು. ಕತ್ತಲೆಗೆ ಇಳಿಯುವಾಗ ಎದೆ ಡವಡವ ಅನ್ನಬೇಕು ಅಂತ ನನಗೆ ಆಸೆ.

ಹಾಗಾಗಿ 1981ರ ಬೇಸಿಕ್ ನಿಯಮಗಳ ಕಡೆ ಹೋದೆ. ಅದನ್ನೇ ಅಚ್ಚುಕಟ್ಟಾಗಿ ಮತ್ತೆ ಬರೆದಿರುವ ಓಲ್ಡ್ ಸ್ಕೂಲ್ ಎಸೆನ್ಷಿಯಲ್ಸ್‌ನ ಉಚಿತ ಪಿಡಿಎಫ್ ಇಳಿಸಿಕೊಂಡೆ. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಸ್ಪೈರಲ್ ಬೈಂಡಿಂಗ್ ಹಾಕಿಸಿದೆ. ಎರಡು ವಾರ ಕೂತು ನೆಲಮಾಳಿಗೆಯ ನಕ್ಷೆ ಬರೆದೆ, ಇಪ್ಪತ್ತೊಂದು ಕೋಣೆ.

ಮೊನ್ನೆ ಆಡಿದೆವು. ಪಾತ್ರದ ಆರು ಗುಣಗಳಿಗೆ ಮೂರು ಡೈಸ್ ಆರು ಸಲ ಹಾಕಿ, ಬಿದ್ದ ಅಂಕವನ್ನು ಬಿದ್ದ ಕ್ರಮದಲ್ಲೇ ಬರೆದುಕೊಂಡರು. ಮಂತ್ರವಾದಿಗೆ ಹಿಟ್ ಪಾಯಿಂಟ್ (ಎಷ್ಟು ಪೆಟ್ಟು ತಡೆಯಬಹುದು ಅನ್ನುವ ಅಂಕ) ಎರಡು. ಕಳ್ಳನಿಗೆ ಮೂರು. ನಾಲ್ಕನೇ ಕೋಣೆಯ ಬಾಗಿಲು ತೆರೆದರು, ಆರು ಗಾಬ್ಲಿನ್‌ಗಳು ಮೇಲೆ ಬಿದ್ದವು. ಗಾಬ್ಲಿನ್ ಅಂದರೆ ಕುಳ್ಳಗಿನ, ಕೆಟ್ಟ ಬುದ್ಧಿಯ ಜೀವಿ. ಒಂದು ಗಂಟೆಯೂ ಆಗಿರಲಿಲ್ಲ, ಮೂವರು ಸತ್ತರು. ಉಳಿದ ಇಬ್ಬರು ಕೊನೆಯ ಗಾಬ್ಲಿನ್ ಬೀಳುವವರೆಗೂ ಹೊಡೆದಾಡಿದರು. ಕಳ್ಳನನ್ನು ಆಡುತ್ತಿದ್ದ ಗೆಳೆಯ ಡೈಸ್ ಡಬ್ಬಿಗೆ ಹಾಕಿ, ‘ಇದು ಆಟ ಅಲ್ಲ ಕಣೋ, ಲಾಟರಿ’ ಅಂದ. ಆ ಮಾತು ಇನ್ನೂ ಚುಚ್ಚುತ್ತಿದೆ.

ಪಂಜಿನ ಲೆಕ್ಕ, ಭಾರದ ಲೆಕ್ಕ ಇವೆಲ್ಲ ತಲೆನೋವು ಅಂತ ನಾನು ಬಿಟ್ಟಿದ್ದೆ. ಎಕ್ಸ್‌ಪಿ (ಮೇಲಿನ ಮಟ್ಟಕ್ಕೆ ಹೋಗಲು ಬೇಕಾದ ಅನುಭವದ ಅಂಕ) ಕೊಟ್ಟದ್ದು ಕೊಂದದ್ದಕ್ಕೆ ಮಾತ್ರ. ಈ ಶನಿವಾರ ಅವರು ಮತ್ತೆ ಬರುತ್ತಾರೆ, ಇನ್ನೊಂದೇ ಅವಕಾಶ ಅಂದಿದ್ದಾರೆ. ಏನು ಮಾಡಲಿ?

ಕೋಟೆ ಬಾಗಿಲು:

ಮೊದಲ ಮಟ್ಟದಲ್ಲಿ ಹಿಟ್ ಪಾಯಿಂಟ್‌ಗೆ ಡೈಸ್ ಹಾಕಿಸಬೇಡಿ, ಪೂರ್ತಿ ಕೊಟ್ಟುಬಿಡಿ. ಯೋಧನಿಗೆ 8, ಮಂತ್ರವಾದಿಗೆ 4. ನಮ್ಮಲ್ಲಿ ಹಾಗೇ ಆಡುತ್ತೇವೆ. ಸಾವು ಒಂದೆರಡು ಸುತ್ತು ತಡವಾಗುತ್ತದೆ, ಅಷ್ಟೊತ್ತಿಗೆ ಓಡಬಹುದು.

ಹತ್ತಡಿ ಗಳ:

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಕೋಟೆ ಬಾಗಿಲು ಅವರು ಹೇಳಿದ್ದು ಸರಿ, ಬೇಕಿದ್ದರೆ ಮಾಡಿ. ಆದರೆ ಆ ಮೂವರು ಸತ್ತದ್ದು ಹಿಟ್ ಪಾಯಿಂಟ್ ಕಡಿಮೆ ಇದ್ದದ್ದಕ್ಕಲ್ಲ. ‘ಬಾಗಿಲು ತೆರೆದರು, ಆರು ಗಾಬ್ಲಿನ್‌ಗಳು ಮೇಲೆ ಬಿದ್ದವು’ ಅಂತ ಬರೆದಿದ್ದೀರಲ್ಲ, ಎಲ್ಲವೂ ಆ ಸಾಲಿನಲ್ಲೇ ಇದೆ. ಮೇಲೆ ಬೀಳಬೇಕು ಅಂತ ತೀರ್ಮಾನ ಮಾಡಿದವರು ಯಾರು? ನೀವು. ಈ ಆಟದಲ್ಲಿ ಅದನ್ನು ಎರಡು ಡೈಸ್‌ಗೆ ಬಿಡಬೇಕು.

ನಿಮ್ಮ ಸ್ಪೈರಲ್ ಪುಸ್ತಕದಲ್ಲಿ ‘ರಿಯಾಕ್ಷನ್’ ಅಂತ ಒಂದು ಪುಟ್ಟ ಪಟ್ಟಿ ಇದೆ. ಎದುರು ಸಿಕ್ಕ ಪ್ರಾಣಿ ಏನು ಮಾಡುತ್ತದೆ ಅಂತ ಮೊದಲೇ ಗೊತ್ತಿಲ್ಲದಿದ್ದರೆ ಎರಡು ಡೈಸ್ ಹಾಕಬೇಕು. 2 ಬಿದ್ದರೆ ಮಾತ್ರ ಕೂಡಲೇ ದಾಳಿ. 3ರಿಂದ 5, ಸಿಟ್ಟಿನಲ್ಲಿವೆ, ದಾಳಿ ಮಾಡಬಹುದು. 6ರಿಂದ 8, ಏನು ಮಾಡೋಣ ಅಂತ ಅವೂ ಯೋಚಿಸುತ್ತಿವೆ. 9ರಿಂದ 11, ಜಗಳ ಬೇಡ, ಮಾತಾಡಿದರೆ ಕೇಳುತ್ತವೆ. 12 ಬಿದ್ದರೆ ಸ್ನೇಹವೇ. ಚೌಕಾಬಾರ ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಲ್ಕು ಕವಡೆ ಎಸೆದರೆ ಎರಡು ಬೀಳುವಷ್ಟು ಸಲ ಚೌಕ ಬೀಳಲ್ಲ, ಅಲ್ವಾ? ಇಲ್ಲೂ ಹಾಗೇ, ನಡುವಿನ ಅಂಕಗಳೇ ಜಾಸ್ತಿ. ನೇರವಾಗಿ ಮೇಲೆ ಬೀಳುವುದು 36ರಲ್ಲಿ ಒಂದು ಸಲ. ಏನೂ ತೋಚದೆ ನಿಂತು ನೋಡುವುದು 36ರಲ್ಲಿ 16 ಸಲ. ನಿಮ್ಮ ಗೆಳೆಯರಿಗೆ ಆ 16 ಸಿಗಲೇ ಇಲ್ಲ.

ಎರಡನೆಯದು ಧೈರ್ಯದ ಡೈಸ್, ಪುಸ್ತಕದಲ್ಲಿ ‘ಮೊರೇಲ್’ ಅಂತಿದೆ. ತಮ್ಮ ಕಡೆ ಮೊದಲ ಹೆಣ ಬಿದ್ದಾಗ ಒಮ್ಮೆ, ಅರ್ಧ ಜನ ಬಿದ್ದಾಗ ಇನ್ನೊಮ್ಮೆ ಎರಡು ಡೈಸ್ ಹಾಕಿ. ಗಾಬ್ಲಿನ್‌ನ ಅಂಕ 7. ಅದಕ್ಕಿಂತ ಜಾಸ್ತಿ ಬಿದ್ದರೆ ಓಟ. ಅಂದರೆ ಒಂದು ಗಾಬ್ಲಿನ್ ಸತ್ತ ಕೂಡಲೇ 36ರಲ್ಲಿ 15 ಸಲ ಉಳಿದ ಐದೂ ಕಾಲು ಕೀಳುತ್ತವೆ. ಯಾರಿಗೆ ತಾನೇ ಸಾಯಲು ಆಸೆ? ಅಸ್ಥಿಪಂಜರಗಳಿಗೆ 12 ಕೊಟ್ಟಿದ್ದಾರೆ, ಅವು ಯಾವತ್ತೂ ಓಡಲ್ಲ. ಅದಕ್ಕೇ ನಮ್ಮ ಮನೆಯಲ್ಲಿ ಮಕ್ಕಳಿಗೆ ಡ್ರ್ಯಾಗನ್‌ಗಿಂತ ಎಲುಬಿನ ಸದ್ದೇ ಹೆಚ್ಚು ಹೆದರಿಕೆ.

ಇನ್ನು ಎಕ್ಸ್‌ಪಿ. ಇದನ್ನು ದಯವಿಟ್ಟು ಬದಲಾಯಿಸಿ. ಒಂದು ಗಾಬ್ಲಿನ್ ಕೊಂದರೆ 5. ಆರಕ್ಕೆ 30. ಐದು ಜನ ಹಂಚಿಕೊಂಡರೆ ತಲಾ 6. ಯೋಧ ಎರಡನೇ ಮಟ್ಟಕ್ಕೆ ಹೋಗಲು 2,000 ಬೇಕು. ಅಂಥ 333 ಕಾಳಗ ಗೆದ್ದರೂ ಎರಡು ಅಂಕ ಬಾಕಿ! ಅದೇ ಗಾಬ್ಲಿನ್‌ಗಳ ಹಿಂದಿನ ಗೂಡಿನಲ್ಲಿ 600 ಹೊನ್ನಿನ ಬೆಲೆಯ ಒಂದು ಸರ ಇದೆ ಅನ್ನಿ. ಅದನ್ನು ಊರಿಗೆ ತಂದರೆ ತಲಾ 120. ಒಂದು ಹೊನ್ನಿಗೆ ಒಂದು ಎಕ್ಸ್‌ಪಿ. ಕದ್ದು ತನ್ನಿ, ಮಾತಿನಲ್ಲಿ ಮರುಳು ಮಾಡಿ ತನ್ನಿ, ಅವು ನಿದ್ದೆ ಹೋದಾಗ ತನ್ನಿ, ಅಂಕ ಅಷ್ಟೇ. ಈ ಒಂದು ನಿಯಮ ಗೊತ್ತಾದರೆ ಕತ್ತಿ ತಾನಾಗಿಯೇ ಒರೆಗೆ ಹೋಗುತ್ತದೆ. ಕಳ್ಳನಿಗೆ 1,200 ಸಾಕು, ಎಲ್ಲರಿಗಿಂತ ಬೇಗ ಮೇಲೆ ಹೋಗುತ್ತಾನೆ. ನಿಮ್ಮ ಗೆಳೆಯನಿಗೆ ಇದನ್ನು ಹೇಳಿ.

ಪಂಜಿನ ಲೆಕ್ಕ ಬಿಟ್ಟೆ ಅಂದಿರಿ. ನಿಮಗೆ ಬೇಕಾದ ಎದೆ ಡವಡವ ಇರುವುದೇ ಅಲ್ಲಿ. ಹತ್ತು ನಿಮಿಷಕ್ಕೆ ಒಂದು ಟರ್ನ್, ಆರು ಟರ್ನ್‌ಗೆ ಪಂಜು ಆರುತ್ತದೆ. ಎರಡು ಟರ್ನ್‌ಗೊಮ್ಮೆ ನೀವು ಒಂದು ಡೈಸ್ ಹಾಕುತ್ತೀರಿ, 1 ಬಿದ್ದರೆ ಕತ್ತಲೆಯಿಂದ ಯಾರೋ ಬರುತ್ತಾರೆ. ಇದಕ್ಕೆ ತಲೆನೋವು ಏನೂ ಬೇಡ. ನಾನು ಒಂದು ತಟ್ಟೆಯಲ್ಲಿ ಆರು ಹುಣಸೆಬೀಜ ಇಟ್ಟು ಟರ್ನ್‌ಗೊಂದು ತೆಗೆಯುತ್ತೇನೆ. ನಾಲ್ಕನೇ ಬೀಜ ತೆಗೆದಾಗ ಮೇಜಿನ ಸುತ್ತ ಮಾತು ತಾನೇ ನಿಲ್ಲುತ್ತದೆ.

ನಾನು ಈ ಆಟ ಕಲಿತದ್ದು 1988ರಲ್ಲಿ, ಮೈಸೂರಿನಲ್ಲಿ. ಅಪ್ಪನ ಸ್ನೇಹಿತರೊಬ್ಬರು ಅಮೆರಿಕದಿಂದ ಬರುವಾಗ 1983ರ ಕೆಂಪು ಡಬ್ಬಿ ತಂದುಕೊಟ್ಟಿದ್ದರು. ಡೈಸ್ ಮೇಲಿನ ಅಂಕಿಗಳಿಗೆ ಬಣ್ಣ ಇರುತ್ತಿರಲಿಲ್ಲ. ಜೊತೆಗೆ ಒಂದು ಮೇಣದ ಕಡ್ಡಿ, ಅದನ್ನು ನಾವೇ ಉಜ್ಜಿ ತುಂಬಬೇಕು. ಆಡಲು ಜೊತೆ ಇಲ್ಲದ ನಾನು ಅದರಲ್ಲಿದ್ದ ಒಬ್ಬರೇ ಆಡುವ ಕಥೆ ಓದಿದೆ. ಅಲೀನಾ ಅಂತ ಒಬ್ಬ ಕ್ಲೆರಿಕ್ (ದೇವರ ಸೇವೆಯ ಯೋಧೆ) ಹುಡುಗಿ ಸಿಗುತ್ತಾಳೆ, ಗಾಯಕ್ಕೆ ಮದ್ದು ಮಾಡುತ್ತಾಳೆ, ಎಲ್ಲ ಹೇಳಿಕೊಡುತ್ತಾಳೆ. ಆಮೇಲೆ ಬಾರ್ಗಲ್ ಎಂಬ ಮಂತ್ರವಾದಿ ಅವಳನ್ನು ಕೊಂದುಬಿಡುತ್ತಾನೆ. ಹತ್ತು ವರ್ಷದ ನಾನು ಪುಸ್ತಕ ಮುಚ್ಚಿಟ್ಟು ಅತ್ತೆ. ಸಾವು ಅಂದರೆ ಏನು ಅಂತ ಈ ಆಟ ನನಗೆ ಮೊದಲ ದಿನವೇ ಹೇಳಿತು. ಹಾಗಾಗಿ ನಿಮ್ಮ ಗೆಳೆಯನ ಸಿಟ್ಟು ನನಗೆ ಅರ್ಥವಾಗುತ್ತದೆ. ಸಾಯುವುದು ತಪ್ಪಲ್ಲ, ಆಯ್ಕೆಯೇ ಇಲ್ಲದೆ ಸಾಯುವುದು ತಪ್ಪು.

ಈಗ ಅಕ್ಕನ ಮಕ್ಕಳು, ಪಕ್ಕದ ಮನೆಯ ಇಬ್ಬರು, ಒಟ್ಟು ಆರು ಜನರಿಗೆ ಭಾನುವಾರ ಕನ್ನಡದಲ್ಲೇ ಆಡಿಸುತ್ತೇನೆ. ಹೋದ ತಿಂಗಳು ಹೀಗೇ ಆರು ಗಾಬ್ಲಿನ್ ಎದುರಾದವು. ಡೈಸ್ 8. ನಾನು ‘ಅವು ನಿಮ್ಮನ್ನೇ ನೋಡುತ್ತಿವೆ, ಒಂದರ ಕೈಯಲ್ಲಿ ಅರ್ಧ ತಿಂದ ಇಲಿ ಇದೆ’ ಅಂದೆ. ಹನ್ನೆರಡು ವರ್ಷದ ಹುಡುಗಿ, ಅವಳ ಕಳ್ಳನಿಗೆ ಶಕ್ತಿ 6, ಎದ್ದು ನಿಂತು ‘ಸುಂಕ ಕಟ್ಟಿದ್ದೀರಾ?’ ಅಂದಳು. ಯಾವ ಸುಂಕ? ‘ಬಾಗಿಲು ಸುಂಕ. ತಲೆಗೆ ಎರಡು ಬೆಳ್ಳಿ.’ ಮತ್ತೆ ಡೈಸ್ ಹಾಕಿದೆ, ಅವಳ ಧೈರ್ಯಕ್ಕೆ ಒಂದು ಸೇರಿಸಿದೆ, 10 ಆಯಿತು. ಗಾಬ್ಲಿನ್‌ಗಳು ಹನ್ನೆರಡು ಬೆಳ್ಳಿ ನಾಣ್ಯ ಎಣಿಸಿ ಕೊಟ್ಟವು. ಒಂದೂವರೆ ಹೊನ್ನೂ ಆಗಲ್ಲ. ಆ ಹುಡುಗಿ ರಾತ್ರಿ ಮಲಗುವವರೆಗೂ ಅದನ್ನೇ ಹೇಳಿದಳಂತೆ.

ಅವಳ ಹಾಳೆಯಲ್ಲಿ ‘ಸುಂಕ ವಸೂಲಿ’ ಅಂತ ಏನೂ ಬರೆದಿರಲಿಲ್ಲ. ಅದಕ್ಕೇ ನಾನು ಈ ಆಟ ಬಿಟ್ಟಿಲ್ಲ.

ಹಿಮದೂರಿನ ಕನ್ನಡಿಗ:

ಗಳ ಅಕ್ಕ, ಅಲೀನಾ ಹೆಸರು ಓದಿ ಗಂಟಲು ಕಟ್ಟಿತು. ನಾನಿರುವುದು ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ. ಈ ಆಟ ಹುಟ್ಟಿದ ಲೇಕ್ ಜಿನೀವಾ ಇಲ್ಲಿಂದ ಎರಡು ಗಂಟೆಯೂ ಇಲ್ಲ. ಸೆಂಟರ್ ಸ್ಟ್ರೀಟ್‌ನಲ್ಲಿ ಗ್ಯಾರಿ ಗೈಗ್ಯಾಕ್ಸ್ ಇದ್ದ ಮನೆಯನ್ನು ರಸ್ತೆಯಿಂದಲೇ ನೋಡಿ ಬಂದೆ. ಸಣ್ಣ ಬಿಳಿ ಮನೆ ಅಷ್ಟೇ. ವಿಮೆ ಕಂಪನಿಯ ಕೆಲಸ ಹೋದ ಮೇಲೆ ಚಪ್ಪಲಿ, ಬೂಟು ರಿಪೇರಿ ಮಾಡುತ್ತ ಅವರು ಈ ನಿಯಮಗಳನ್ನು ಟೈಪ್ ಮಾಡಿದರು. ಡೇವ್ ಆರ್ನೆಸನ್ ಮಿನೆಸೋಟದಲ್ಲಿ ಬ್ಲ್ಯಾಕ್‌ಮೂರ್ ಅಂತ ಆಡಿಸುತ್ತಿದ್ದ ಆಟವನ್ನು ಇಲ್ಲಿಗೆ ಬಂದು ತೋರಿಸಿದ್ದೇ ಮೂಲ. 1974ರಲ್ಲಿ ಬಂದ ಮೊದಲ ಮುದ್ರಣ 1,000 ಡಬ್ಬಿ, ಬೆಲೆ ಹತ್ತು ಡಾಲರ್.

ಭಾರದ ಲೆಕ್ಕದ ಬಗ್ಗೆ ಒಂದು ಮಾತು. ಗೈಗ್ಯಾಕ್ಸ್ ತಮ್ಮ ನೆಲಮಾಳಿಗೆಯನ್ನು ಮೊದಲು ಆಡಿಸಿದ್ದು ತಮ್ಮ ಮಕ್ಕಳಾದ ಅರ್ನಿ ಮತ್ತು ಎಲೀಸ್‌ಗೆ. ಅವರಿಗೆ ಸಿಕ್ಕ ಪೆಟ್ಟಿಗೆಯಲ್ಲಿ 3,000 ತಾಮ್ರದ ನಾಣ್ಯ ಇದ್ದವು, ಹೊರಲು ಆಗಲಿಲ್ಲ! 1981ರ ನಿಯಮದಲ್ಲಿ ಒಬ್ಬರು ಹೊರಬಹುದಾದದ್ದು ಹೆಚ್ಚೆಂದರೆ 1,600 ನಾಣ್ಯದ ಭಾರ. ದಾವಣಗೆರೆಯವರೇ, ಈ ಲೆಕ್ಕ ಇಟ್ಟುಕೊಳ್ಳಿ. ‘ಕವಚ ಬಿಚ್ಚಿಟ್ಟು ಹೊನ್ನು ಹೊರಲಾ?’ ಅನ್ನುವ ಪ್ರಶ್ನೆ ಬಂದಾಗ ನಿಮ್ಮ ಗೆಳೆಯರು ಪೂರ್ತಿ ಆಟದೊಳಗೆ ಇರುತ್ತಾರೆ.

ಬಣ್ಣದ ವೇಷ:

ಉಡುಪಿ ಕಡೆಯವ. 1977ರ ಮಾನ್‌ಸ್ಟರ್ ಮ್ಯಾನ್ಯುಯಲ್‌ನಲ್ಲಿ ನಮ್ಮ ರಾಕ್ಷಸನೂ ಇದ್ದಾನೆ. ಹುಲಿ ತಲೆ, ಕೈಯಲ್ಲಿ ಪೈಪು! ನಾನು ಆಡಿಸುವಾಗ ಯಕ್ಷಗಾನದ ಬಣ್ಣದ ವೇಷವನ್ನೇ ತಂದೆ. ಮೊದಲು ಕತ್ತಲೆಯಲ್ಲಿ ಚೆಂಡೆ, ಆಮೇಲೆ ಅಬ್ಬರ, ಆಮೇಲೆ ಮುಖ. ಒಬ್ಬರೂ ಕತ್ತಿಗೆ ಕೈ ಹಾಕಲಿಲ್ಲ, ಸೀದಾ ಓಡಿದರು.

ಓಡುವಾಗಿನ ನಿಯಮವನ್ನೂ ಅವರಿಗೆ ಮೊದಲೇ ಹೇಳಿಡಿ. ಬುದ್ಧಿ ಇಲ್ಲದ ಪ್ರಾಣಿ ಬೆನ್ನಟ್ಟಿದರೆ ಬುತ್ತಿ ಎಸೆಯಿರಿ, ಬುದ್ಧಿ ಇರುವವು ಬಂದರೆ ಹೊನ್ನು ಎಸೆಯಿರಿ. ಅರ್ಧದಷ್ಟು ಸಲ ಅವು ಅಲ್ಲೇ ನಿಲ್ಲುತ್ತವೆ.

ದಾವಣಗೆರೆ ಡೈಸ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇನ್ನೊಂದು ಸಣ್ಣ ತೊಂದರೆ. ಡೈಸ್ ಸೆಟ್ ಒಂದೇ ಇದೆ, ಅದರಲ್ಲಿ ಎಂಟು ಮುಖದ್ದು ಕಳೆದುಹೋಗಿದೆ. ಆರ್ಡರ್ ಮಾಡಿದರೆ ಶನಿವಾರದೊಳಗೆ ಬರಲ್ಲ.

ಹತ್ತಡಿ ಗಳ:

ಚೀಟಿ ಬರೆದು ಲೋಟಕ್ಕೆ ಹಾಕಿ. ಒಂದರಿಂದ ಎಂಟು, ಎತ್ತಿದ ಚೀಟಿ ಮತ್ತೆ ಒಳಗೆ. ಸುಮ್ನೆ ಹೇಳುತ್ತಿಲ್ಲ. 1979ರಲ್ಲಿ ಡೈಸ್ ಸಾಲದೆ ಹೋದಾಗ ಈ ಆಟವನ್ನು ಮಾರುತ್ತಿದ್ದ ಟಿಎಸ್‌ಆರ್ ಕಂಪನಿಯೇ ಡಬ್ಬಿಯೊಳಗೆ ಅಂಕಿ ಅಚ್ಚಾದ ರಟ್ಟಿನ ಚೀಟಿ ಇಟ್ಟು ಕಳಿಸಿತ್ತು.

ಮತ್ತೆ ಒಂದು ಮಾತು. ಕೋಣೆಯಲ್ಲಿ ಏನಿದೆ ಅಂತ ಹೇಳುವಾಗ ಜಿಪುಣತನ ಮಾಡಬೇಡಿ. ಬಾಗಿಲಾಚೆ ಸದ್ದಿದ್ದರೆ ಸದ್ದು ಕೇಳಿಸಿ, ನೆಲ ಟೊಳ್ಳಾಗಿದ್ದರೆ ಹೆಜ್ಜೆಯ ಸದ್ದು ಬೇರೆಯಾಯಿತು ಅನ್ನಿ. ಅಪಾಯ ಕಾಣಲಿ, ಹೇಗೆ ದಾಟುವುದು ಅಂತ ಅವರೇ ಹುಡುಕಲಿ. ಭಾನುವಾರ ಬರೆಯಿರಿ, ಕಾಯುತ್ತಿರುತ್ತೇನೆ.

ದಾವಣಗೆರೆ ಡೈಸ್:

ಭಾನುವಾರ ಬೆಳಗ್ಗೆ ಆರು ಗಂಟೆ, ಇನ್ನೂ ನಿದ್ದೆ ಬಂದಿಲ್ಲ. ಅದೇ ನೆಲಮಾಳಿಗೆ, ಹೊಸ ಪಾತ್ರಗಳು. ಹುಣಸೆಬೀಜ ಸಿಗಲಿಲ್ಲ, ಕಡಲೆಕಾಳು ಇಟ್ಟೆ. ನಾಲ್ಕೂವರೆ ಗಂಟೆ ಆಡಿದೆವು, ಎರಡೇ ಹೊಡೆದಾಟ. ಎರಡೂ ಹತ್ತು ನಿಮಿಷದೊಳಗೆ ಮುಗಿದವು. ಒಬ್ಬ ಸತ್ತ. ಗೋಡೆಯ ಸಂದಿಗೆ ಕೈ ಹಾಕಬೇಡ ಅಂತ ನಾಲ್ವರು ಹೇಳಿದ ಮೇಲೂ ಹಾಕಿದ. ‘ನನ್ನದೇ ತಪ್ಪು, ಡೈಸ್ ಕೊಡು’ ಅಂತ ಅಲ್ಲೇ ಹೊಸ ಪಾತ್ರ ಮಾಡಿದ.

ಲಾಟರಿ ಅಂದಿದ್ದ ಗೆಳೆಯ ಮತ್ತೆ ಕಳ್ಳನನ್ನೇ ಆಡಿದ. ಈ ಸಲ ಗಾಬ್ಲಿನ್‌ಗಳಿಗೆ 9 ಬಿತ್ತು. ಅವನು ಪಂಜನ್ನು ಕೆಳಗಿಟ್ಟು ಕೂತುಬಿಟ್ಟ. ಮುಕ್ಕಾಲು ಗಂಟೆ ಮಾತುಕತೆ! ಕೊನೆಗೆ ಗಾಬ್ಲಿನ್ ನಾಯಕ ಕೆಳಗಿನ ಅಂತಸ್ತಿನ ದಾರಿ ತೋರಿಸಲು ಒಪ್ಪಿದ. ಅದಕ್ಕೆ ಅವನು ಕೇಳಿದ್ದು ಒಂದು ಮೂಟೆ ಉಪ್ಪು. ಗೆಳೆಯರು ಈಗಲೇ ವಾಟ್ಸ್ಆ್ಯಪ್‌ನಲ್ಲಿ ಊರಿಗೆ ಹೋಗಿ ಉಪ್ಪು ತರುವ ಪ್ಲ್ಯಾನ್ ಮಾಡುತ್ತಿದ್ದಾರೆ, ಕತ್ತೆ ಬಾಡಿಗೆಗೆ ಸಿಗುತ್ತಾ ಅಂತ ಕೇಳುತ್ತಿದ್ದಾರೆ.

ಸಾಮಾನಿನ ಪಟ್ಟಿಯಲ್ಲಿ ಹಗ್ಗ ಇದೆ, ಪಂಜು ಇದೆ, ಹತ್ತಡಿ ಗಳ ಒಂದು ಹೊನ್ನಿಗೆ ಇದೆ. ಉಪ್ಪು ಇಲ್ಲ. ಗಳ ಅಕ್ಕ, ಒಂದು ಮೂಟೆಗೆ ಎಷ್ಟು ಇಡಲಿ?