ಅಪ್‌ಡೇಟ್: ಹಳೆಯ ಕಾರಿನ ಏರ್‌ಬ್ಯಾಗ್ ಉಚಿತವಾಗಿಯೇ ಬದಲಾಯಿತು

ಎರಡನೇ ಮಾಲೀಕನಾದ ನನಗೂ ಏರ್‌ಬ್ಯಾಗ್ ರೀಕಾಲ್ (ದೋಷವಿರುವ ಭಾಗವನ್ನು ಕಂಪನಿಯೇ ಕಾರು ಕರೆಸಿಕೊಂಡು ಸರಿಪಡಿಸುವುದು) ಅನ್ವಯಿಸುತ್ತದೆಯೇ ಎಂದು ಕೇಳಿದ್ದೆನಲ್ಲ, ಅನ್ವಯಿಸುತ್ತದೆ! ಕಂಪನಿಯ ಜಾಲತಾಣದಲ್ಲಿ 17 ಅಕ್ಷರಗಳ ಚಾಸಿ ಸಂಖ್ಯೆ ಹಾಕಿ ನೋಡಿ ಎಂದವರ ಸಲಹೆಯೇ ಫಲಿಸಿತು. ಅವರಿಗೆ ತುಂಬಾ ಧನ್ಯವಾದ. ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿದ್ದರಿಂದ ಪ್ರಯೋಜನವಾಗಲಿಲ್ಲ. ರೀಕಾಲ್ ಪತ್ರ ಹಳೆಯ ಮಾಲೀಕರ ವಿಳಾಸಕ್ಕೆ ಹೋಗಿತ್ತಂತೆ.

ಏರ್‌ಬ್ಯಾಗನ್ನು ಉಬ್ಬಿಸುವ ಭಾಗವಾದ ಇನ್‌ಫ್ಲೇಟರ್ ಬದಲಿಸಿಕೊಟ್ಟರು, ಬಿಡಿಭಾಗಕ್ಕೂ ಕೂಲಿಗೂ ಒಂದು ರೂಪಾಯಿಯನ್ನೂ ಪಡೆಯಲಿಲ್ಲ. ಮೆಕ್ಯಾನಿಕ್ ಹೇಳಿದ್ದನ್ನು ಕೇಳಿ ಮಾತ್ರ ಬೆಚ್ಚಿಬಿದ್ದೆ: ಅದರೊಳಗಿನ ಅಮೋನಿಯಂ ನೈಟ್ರೇಟ್ ಎಂಬ ರಾಸಾಯನಿಕ ವರ್ಷಗಟ್ಟಲೆ ಸೆಕೆ, ತೇವಾಂಶಕ್ಕೆ ಸಿಕ್ಕಿ ಕೆಡುತ್ತದೆ, ಆಮೇಲೆ ಅಪಘಾತವಾದಾಗ ಅತಿ ವೇಗವಾಗಿ ಉರಿದು ಲೋಹದ ಕವಚವನ್ನೇ ಸಿಡಿಸಿ, ಚೂರುಗಳನ್ನು ಚಾಲಕನ ಮೇಲೆರಚಬಹುದು. ನಮ್ಮ ಮಂಗಳೂರಿನ ಹವೆಯಲ್ಲಿ ಇದು ಸಣ್ಣ ಮಾತಲ್ಲ! ಡ್ಯಾಶ್‌ಬೋರ್ಡಿನ ಏರ್‌ಬ್ಯಾಗ್ ಎಚ್ಚರಿಕೆ ದೀಪ ಉರಿಯದಿದ್ದರೆ ಚಿಂತೆಯಿಲ್ಲ ಎಂದಿದ್ದರು ಕೆಲವರು. ಅದನ್ನು ನಂಬಬೇಡಿ, ರಾಸಾಯನಿಕ ಕೆಟ್ಟಿರುವುದು ಆ ದೀಪಕ್ಕೆ ತಿಳಿಯುವುದಿಲ್ಲ.