ಮಡ್‌ಗಾರ್ಡಿನ ತೂತಿಗೆ ಪುಟ್ಟಿ ಸಾಕೇ, ತಗಡು ಕತ್ತರಿಸಲೇಬೇಕೇ?

ಎರಡನೇ ಗೇರ್:
ನನ್ನದು 1960ರ ದಶಕದ ಕಾರು. ಎಂಜಿನ್ ಗಟ್ಟಿಯಾಗಿದೆ, ಮೈ ಮಾತ್ರ ಸೊರಗಿದೆ. ಹಿಂದಿನ ಮಡ್‌ಗಾರ್ಡಿನಲ್ಲಿ, ಚಕ್ರದ ಕಮಾನು ಕೆಳಗಿಳಿದು ಮುಗಿಯುವ ಕಡೆ ಬಣ್ಣ ಬೊಬ್ಬೆ ಎದ್ದಿತ್ತು. ಒಂದನ್ನು ಉಗುರಿನಿಂದ ಎಬ್ಬಿಸಿದೆ. ಕಂದು ಪುಡಿ ಸುರಿಯಿತು, ಹಿಂದೆಯೇ ಪೆನ್ಸಿಲ್ ತೂರುವಷ್ಟು ತೂತು ಕಾಣಿಸಿತು. ನನಗೆ ವೆಲ್ಡಿಂಗ್ ಬರುವುದಿಲ್ಲ. ತುಕ್ಕನ್ನು ಉಜ್ಜಿ ತೆಗೆದು, ತೂತಿಗೆ ಫೈಬರ್ ಬಟ್ಟೆ ಅಂಟಿಸಿ, ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ನಡೆಯುತ್ತದೆಯೇ? ಬೈಯುವವರು ದಯವಿಟ್ಟು ಕಾರಣ ಹೇಳಿ ಬೈಯಿರಿ.

ತಗಡುಗಾರ:
ನಡೆಯುತ್ತದೆ, ಮುಂದಿನ ಮಳೆಗಾಲದವರೆಗೆ. ಕಾರಣವನ್ನೂ ಹೇಳುತ್ತೇನೆ. ಆ ತುಕ್ಕು ಹುಟ್ಟಿದ್ದು ಒಳಗೆ. ಚಕ್ರ ಎರಚಿದ ಕೆಸರು ತಗಡಿನ ಮಡಿಕೆಯಲ್ಲಿ ಕೂತು ಒದ್ದೆಯನ್ನು ಹಿಡಿದಿಟ್ಟುಕೊಳ್ಳುತ್ತದೆ, ತಗಡು ಹಿಂಬದಿಯಿಂದ ತೆಳ್ಳಗಾಗುತ್ತಾ ಬರುತ್ತದೆ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹಲವು ಪಟ್ಟು ಜಾಗ ಬೇಡುತ್ತದೆ; ನಿಮ್ಮ ಬಣ್ಣವನ್ನು ಎತ್ತಿದ್ದು ಅದೇ. ಹೊರಗಿನಿಂದ ಎಷ್ಟು ಮೆತ್ತಿದರೂ ಹಿಂಬದಿಯ ತುಕ್ಕು ತನ್ನ ಪಾಡಿಗೆ ತಾನು ತಿನ್ನುತ್ತಲೇ ಇರುತ್ತದೆ. ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ಬೆಸೆಯಿರಿ. ಬೇರೆ ದಾರಿಯಿಲ್ಲ.

ಶನಿವಾರದ ಮೆಕ್ಯಾನಿಕ್:
ರೋಗವನ್ನು ಸರಿಯಾಗಿ ಹೇಳಿದಿರಿ ತಗಡುಗಾರರೇ, ಬೇರೆ ದಾರಿಯಿಲ್ಲ ಎಂಬುದನ್ನು ಮಾತ್ರ ಒಪ್ಪಲಾರೆ. ಬೆಸೆದ ತಗಡಿನ ಮೇಲೆ ನೀವೂ ಕೊನೆಗೆ ಪುಟ್ಟಿಯನ್ನೇ ಎಳೆಯುತ್ತೀರಲ್ಲ! ತೂತು ಬೀಳದೆ ಬರಿ ಗುಳಿ ಬಿದ್ದಿರುವ ಕಡೆ ಹೊಳೆಯುವ ತಗಡು ಕಾಣುವವರೆಗೆ ಉಜ್ಜಬೇಕು. ಗುಳಿಯ ತಳದಲ್ಲಿ ಉಳಿಯುವ ಕಪ್ಪು ಚುಕ್ಕೆಗಳಿಗೆ ಫಾಸ್ಫಾರಿಕ್ ಆಮ್ಲದ ದ್ರಾವಣ ಹಚ್ಚಿ, ತೊಳೆದು, ಚೆನ್ನಾಗಿ ಒಣಗಿಸಿ, ಎಪಾಕ್ಸಿ ಪ್ರೈಮರ್ (ಬಣ್ಣಕ್ಕೂ ಮೊದಲು ತಗಡಿಗೆ ಬಳಿಯುವ ತಳಪದರ) ಹೊಡೆದು, ಅದರ ಮೇಲೆ ಪುಟ್ಟಿ. ನನ್ನ ಕಾರಿನ ಬಾಗಿಲಿಗೆ ಹೀಗೆ ಮಾಡಿ ಒಂಬತ್ತು ವರ್ಷವಾಯಿತು. ಒಂದು ಬೊಬ್ಬೆಯೂ ಎದ್ದಿಲ್ಲ.

ತಗಡುಗಾರ:
ಅವರು ಕೇಳಿದ್ದು ತೂತಿಗೆ, ನೀವು ಮದ್ದು ಕೊಡುತ್ತಿರುವುದು ಗುಳಿಗೆ. ಅದಿರಲಿ, ಪ್ರೈಮರಿನ ಮೇಲೆ ಪುಟ್ಟಿ ಎಂದರೇನು? 80ನೇ ನಂಬರಿನ ಒರಟು ಉಜ್ಜುಕಾಗದದಿಂದ ಗೀರು ಬೀಳಿಸಿದ ಬರಿ ತಗಡನ್ನು ಪುಟ್ಟಿ ಕಚ್ಚಿ ಹಿಡಿಯುವಷ್ಟು ಇನ್ನಾವುದನ್ನೂ ಹಿಡಿಯುವುದಿಲ್ಲ. ನಾನು ಕೆಲಸ ಕಲಿತದ್ದೇ ಹಾಗೆ.

ಶನಿವಾರದ ಮೆಕ್ಯಾನಿಕ್:
ನೀವು ಕಲಿಯುವಾಗ ಎಪಾಕ್ಸಿ ಪ್ರೈಮರ್ ಕೈಗೆ ಸಿಗುತ್ತಿರಲಿಲ್ಲವೇನೋ. ಪಾಲಿಯೆಸ್ಟರ್ ಪುಟ್ಟಿಯಲ್ಲಿ ಟಾಲ್ಕ್ ಪುಡಿ ಇರುತ್ತದೆ, ಅದು ನೀರು ಕುಡಿಯುತ್ತದೆ. ಕುಡಿದ ನೀರು ಬರಿ ತಗಡಿಗೆ ಮುಟ್ಟಿದರೆ ಮತ್ತೆ ತುಕ್ಕು. ನಡುವೆ ಎಪಾಕ್ಸಿ ಇದ್ದರೆ ನೀರು ಅಲ್ಲಿಗೇ ನಿಲ್ಲುತ್ತದೆ. ಎಪಾಕ್ಸಿ ಗಟ್ಟಿಯಾದ ಮೇಲೆ ಅದಕ್ಕೂ ಗೀರು ಬೀಳಿಸಿದರೆ ಪುಟ್ಟಿ ಚೆನ್ನಾಗಿಯೇ ಹಿಡಿಯುತ್ತದೆ. ಆಮ್ಲವಿರುವ ಎಚ್ (etch) ಪ್ರೈಮರ್ ಮೇಲೆ ಮಾತ್ರ ಹಾಕಬಾರದು, ಪುಟ್ಟಿ ಸರಿಯಾಗಿ ಗಟ್ಟಿಯಾಗುವುದಿಲ್ಲ.

ಸೀಸದಕಡ್ಡಿ:
ಇಬ್ಬರೂ ಪುಟ್ಟಿಯ ಡಬ್ಬಿ ಮುಚ್ಚಿಡಿ. ಆ ಕಾಲದ ಎಷ್ಟೋ ಕಾರುಗಳ ಜೋಡಣೆಯ ಗೆರೆಗಳನ್ನು ಕಾರ್ಖಾನೆಯಲ್ಲೇ ಸೀಸದಿಂದ ತುಂಬುತ್ತಿದ್ದರು. 30 ಪಾಲು ತವರ, 70 ಪಾಲು ಸೀಸದ ಮಿಶ್ರಣ ಸುಮಾರು 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆತ್ತಗಾಗಲು ತೊಡಗಿ, 250 ಡಿಗ್ರಿ ದಾಟಿದ ಮೇಲಷ್ಟೇ ಪೂರ್ತಿ ನೀರಾಗುತ್ತದೆ. ಆ ನಡುವಿನ ಹದದಲ್ಲಿ ಮರದ ಹಲಗೆಯಿಂದ ಒತ್ತುತ್ತಾ ಹೋದರೆ ಅದು ಹೇಳಿದಂತೆ ಕೇಳುತ್ತದೆ. ನೀರು ಕುಡಿಯುವ ಮಾತೇ ಇಲ್ಲ. ಹಳೆಯ ಕಾರಿಗೆ ಪ್ಲಾಸ್ಟಿಕ್ ಮೆತ್ತುವುದು ನನ್ನ ಕಣ್ಣಿಗೆ ಹಿಡಿಸುವುದಿಲ್ಲ.

ಶನಿವಾರದ ಮೆಕ್ಯಾನಿಕ್:
ವೆಲ್ಡಿಂಗೇ ಬಾರದವರಿಗೆ ಸೀಸ ಕಲಿಸಲು ಹೊರಟಿರಲ್ಲ ಸ್ವಾಮಿ! ಶಾಖ ಹೆಚ್ಚಾದರೆ ತಗಡು ಸೊಟ್ಟಗಾಗುತ್ತದೆ, ಸೀಸದ ದೂಳು ವಿಷ.

ಸೀಸದಕಡ್ಡಿ:
ಅದಕ್ಕೇ ಸೀಸವನ್ನು ಯಂತ್ರದಿಂದ ಉಜ್ಜಬಾರದು, ಅರದಿಂದ ತೀಡಬೇಕು. ಕಷ್ಟ ಎಂದು ಬೇಕಾದರೆ ಹೇಳಿ, ತಪ್ಪು ಎನ್ನಬೇಡಿ.

ಎರಡನೇ ಗೇರ್:
ನಿಮ್ಮ ಜಗಳ ಓದುತ್ತಲೇ ಸ್ಕ್ರೂಡ್ರೈವರ್ ಹಿಡಿದು ಗ್ಯಾರೇಜಿಗೆ ಹೋದೆ. ತೂತಿನ ಸುತ್ತ ಚುಚ್ಚುತ್ತಾ ಹೋದಂತೆ ಸ್ಕ್ರೂಡ್ರೈವರ್ ಸಲೀಸಾಗಿ ಒಳಹೊಕ್ಕಿತು. ಪೆನ್ಸಿಲಿನಷ್ಟಿದ್ದದ್ದು ಈಗ ಅಂಗೈಯಷ್ಟಾಗಿದೆ. ನಾಚಿಕೆಯ ಸಂಗತಿಯೆಂದರೆ, ಉದುರಿದ್ದರಲ್ಲಿ ಹೆಚ್ಚಿನದು ತಗಡೇ ಅಲ್ಲ, ಹಿಂದಿನ ಮಾಲೀಕರು ಮೆತ್ತಿದ್ದ ಹೆಬ್ಬೆರಳು ದಪ್ಪದ ಪುಟ್ಟಿ. ಅದರೊಳಗೆ ತಂತಿಯ ಜಾಲರಿ. ಜಾಲರಿ ಪುಡಿಪುಡಿಯಾಗಿದೆ. ಕೊಳ್ಳುವಾಗ ಈ ಮಡ್‌ಗಾರ್ಡನ್ನೇ ಸವರಿ, ಎಷ್ಟು ನಯವಾಗಿದೆ ಎಂದು ಮೆಚ್ಚಿಕೊಂಡವನು ನಾನು.

ತಗಡುಗಾರ:
ಕೊಳ್ಳುವಾಗ ಒಂದು ಆಯಸ್ಕಾಂತ ಜೇಬಿನಲ್ಲಿದ್ದಿದ್ದರೆ ಅಂದೇ ತಿಳಿಯುತ್ತಿತ್ತು. ದಪ್ಪ ಪುಟ್ಟಿಯ ಮೇಲೆ ಅದು ನಿಲ್ಲುವುದಿಲ್ಲ. ಹೋಗಲಿ, ಈಗ ಬಾಗಿಲ ಕೆಳಗೆ ಉದ್ದಕ್ಕೆ ಓಡುವ ಸಿಲ್ ಭಾಗವನ್ನೂ, ಸಸ್ಪೆನ್ಷನ್ ಬಂದು ಕೂರುವ ಜಾಗಗಳನ್ನೂ ಹಾಗೆಯೇ ಚುಚ್ಚಿ ನೋಡಿ. ಮಡ್‌ಗಾರ್ಡ್ ಕೊಳೆತರೆ ಅಂದ ಕೆಡುತ್ತದೆ. ಅವು ಕೊಳೆತರೆ ಅಪಘಾತದಲ್ಲಿ ಗಾಡಿ ಮಡಚಿಕೊಳ್ಳುತ್ತದೆ. ಅಲ್ಲಿ ಪುಟ್ಟಿಯ ಹೆಸರೇ ಎತ್ತಬಾರದು.

ಶನಿವಾರದ ಮೆಕ್ಯಾನಿಕ್:
ಸಿಲ್ ವಿಷಯದಲ್ಲಿ ನನ್ನದೂ ಅದೇ ಮಾತು. ಅಂಗೈಯಷ್ಟು ತೂತಿಗೂ ಫೈಬರ್ ಬೇಡ, ಸೋತೆ ಎಂದುಕೊಳ್ಳಿ.

ಎರಡನೇ ಗೇರ್:
ಸಿಲ್ ಗಟ್ಟಿಯಾಗಿದೆ, ಪುಣ್ಯ. ವೆಲ್ಡಿಂಗನ್ನು ಬಲ್ಲವರ ಕೈಗೆ ಕೊಟ್ಟು, ಪುಟ್ಟಿ ಮತ್ತು ಬಣ್ಣ ನಾನೇ ಮಾಡಬೇಕೆಂದಿದ್ದೇನೆ. ಯಾವುದರ ಮೇಲೆ ಕಣ್ಣಿಡಬೇಕು?

ತಗಡುಗಾರ:
ತೇಪೆ ಮೂಲ ತಗಡಿನಷ್ಟೇ ದಪ್ಪವಿರಲಿ. ಒಂದೇ ಉಸಿರಿಗೆ ಗೆರೆ ಎಳೆದಂತೆ ಬೆಸೆದರೆ ತಗಡು ಅಲೆ ಅಲೆಯಾಗುತ್ತದೆ. ಇಲ್ಲೊಂದು ಚುಕ್ಕೆ, ದೂರದಲ್ಲೊಂದು ಚುಕ್ಕೆ, ನಡುವೆ ಆರಲು ಬಿಡಬೇಕು. ಬ್ಯಾಟರಿಯ ತಂತಿ ಕಳಚಿರಲಿ. ಹಿಂದಿನ ಮಡ್‌ಗಾರ್ಡ್ ಎಂದರೆ ಪೆಟ್ರೋಲ್ ಟ್ಯಾಂಕಿನ ನೆರೆಮನೆ, ಅದನ್ನು ಮೊದಲು ಇಳಿಸಿಬಿಡಿ. ಕೆಲಸ ಮುಗಿದ ಮೇಲೆ ಹಿಂಬದಿಗೆ ಪ್ರೈಮರ್, ಜೋಡಣೆಗೆ ಸೀಲರ್, ಟೊಳ್ಳಿನೊಳಗೆ ಮೇಣ. ಕೊನೆಯದನ್ನು ಜನ ಮರೆಯುತ್ತಾರೆ, ಮತ್ತೆ ಬರುತ್ತಾರೆ.

ಶನಿವಾರದ ಮೆಕ್ಯಾನಿಕ್:
ಪುಟ್ಟಿ 3 ಮಿಲಿಮೀಟರ್ ದಾಟದಿರಲಿ. ಅದಕ್ಕಿಂತ ಹೆಚ್ಚು ಬೇಕೆನಿಸಿದರೆ ತಗಡನ್ನು ಇನ್ನೂ ತಟ್ಟಬೇಕು ಎಂದರ್ಥ. ಪುಟ್ಟಿ ಗಟ್ಟಿಯಾಗಲು ಬೆರೆಸುವ ಹಾರ್ಡನರ್ ತೂಕದಲ್ಲಿ ನೂರಕ್ಕೆ ಎರಡು ಪಾಲಿನಷ್ಟು. ಬೇಗ ಗಟ್ಟಿಯಾಗಲೆಂದು ಹೆಚ್ಚು ಸುರಿದರೆ ಅದರ ಬಣ್ಣ ಮೇಲಿನ ಪೇಂಟಿನವರೆಗೂ ಹಾಯ್ದು ಕಲೆಯಾಗುತ್ತದೆ. ನನ್ನ ಮೊದಲ ಬಾನೆಟ್ಟಿನಲ್ಲಿ ಹಾಗೇ ಆಗಿತ್ತು. ಕಲೆಸಿದ ಮೇಲೆ ಕೈಯಲ್ಲಿರುವುದು ಕೆಲವೇ ನಿಮಿಷ, ಆದ್ದರಿಂದ ಸ್ವಲ್ಪ ಸ್ವಲ್ಪವೇ ಕಲೆಸಿ. ಉಜ್ಜುವಾಗ ಬೆರಳಿನಿಂದ ಒತ್ತಬೇಡಿ, ಉದ್ದನೆಯ ಹಲಗೆಗೆ ಕಾಗದ ಸುತ್ತಿಕೊಳ್ಳಿ. 80, 180, 320 ಎಂದು ಏರುತ್ತಾ ಹೋಗಿ, ಪ್ರೈಮರಿನ ಮೇಲೆ ಕಪ್ಪು ಬಣ್ಣವನ್ನು ಮಂಜಿನಂತೆ ಸಿಂಪಡಿಸಿ ಮತ್ತೆ ಉಜ್ಜಿ. ಕಪ್ಪು ಉಳಿದ ಕಡೆ ತಗ್ಗು ಇದೆ. ಬಣ್ಣ ಎರಡು ಡಬ್ಬಿ ಬೆರೆಸುವ 2ಕೆ ಬಗೆಯದಾದರೆ ಅದರ ಹಾರ್ಡನರಿನಲ್ಲಿ ಐಸೊಸಯನೇಟ್ ಎಂಬ ವಿಷಕಾರಿ ರಾಸಾಯನಿಕ ಇರುತ್ತದೆ. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಿಂದ ತರುವ ಮುಖವಾಡವಿಲ್ಲದೆ ಅದನ್ನು ಸಿಂಪಡಿಸಲೇಬೇಡಿ, ಶ್ವಾಸಕೋಶಕ್ಕೆ ತೇಪೆ ಹಾಕುವವರಿಲ್ಲ. ಮತ್ತೆ, ಪುಟ್ಟಿಯ ಕೆಳಗೆ ಎಪಾಕ್ಸಿ.

ತಗಡುಗಾರ:
ಬರಿ ತಗಡು.

ಎರಡನೇ ಗೇರ್:
ಎಪಾಕ್ಸಿಯೋ ಬರಿ ತಗಡೋ, ತೀರ್ಮಾನಿಸಲು ಸಮಯವಿದೆ. ಈಗಷ್ಟೇ ಇನ್ನೊಂದು ಬದಿಯ ಮಡ್‌ಗಾರ್ಡಿಗೆ ಆಯಸ್ಕಾಂತ ಹಿಡಿದು ನೋಡಿದೆ. ಜಾರಿ ಕೆಳಗೆ ಬಿತ್ತು.